ಜೀವದಯಾಷ್ಟಮಿಯ ರಾತ್ರಿಯ ಊಟ

ಮಿಜಾರು,
೨೨ ಆಗಸ್ಟ್ ೧೯೫೯

ಮನೆಯ ಯಜಮಾನರ ಪಾದಗಳಿಗೆ ಕಮಲಾವತಿ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೇನೂ ಕೊರತೆ ಇರಲಾರದು. ತಮ್ಮ ಕ್ಷೇಮವನ್ನು ನಿಮ್ಮಷ್ಟು ಜೋಪಾನವಾಗಿ ನೋಡಿಕೊಳ್ಳುವವರನ್ನು ಈ ಸೀಮೆಯಲ್ಲಿ ನಾನು ಬೇರೆ ಕಂಡಿಲ್ಲ. ಮುಂಬಯಿಯ ನೀರು ಒಗ್ಗಿತೇ? ಎದೆಯುರಿ ಹೇಗಿದೆ? ಊಟಕ್ಕೆ ಮುಂಚೆ ಜೀರಿಗೆ ಕಷಾಯ ಕುಡಿಯುವುದನ್ನು ಬಿಡಬೇಡಿ. ನೀವು ಇಳಿದುಕೊಂಡಿರುವ ಮನೆಯವರು ಸೂರ್ಯ ಮುಳುಗುವ ಮೊದಲೇ ಎಲೆ ಹಾಕುತ್ತಾರೆ, ವ್ರತಕ್ಕೆ ಭಂಗವಿಲ್ಲ ಎಂದು ಬರೆದಿದ್ದೀರಿ. ಓದಿ ತುಂಬಾ ಸಂತೋಷವಾಯಿತು. ಹತ್ತು ವರ್ಷ ನಾನು ಹೇಳಿ ಆಗದ್ದನ್ನು ಯಾರೋ ಪರವೂರಿನವರು ನಾಲ್ಕು ತಿಂಗಳಲ್ಲಿ ಮಾಡಿ ತೋರಿಸಿದರಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಗಿರಣಿ ನಡೆಯುತ್ತಾ ಉಂಟು. ಗಿರಣಿಯ ಬೆಲ್ಟು ತರಲು ಮುಂಬಯಿಗೆ ಹೋಗಿದ್ದಾರೆ ಎಂದು ಊರಿಗೆಲ್ಲ ಹೇಳಲು ನೀವು ನನಗೆ ಹೇಳಿ ಹೋದಿರಿ. ಹೇಳಿದೆ. ಈಗ ಭತ್ತ ತರುವ ಒಕ್ಕಲಿನವರು, ಯಜಮಾನರು ಬೆಲ್ಟಿನ ಚರ್ಮಕ್ಕೆ ಬೇಕಾದ ಕೋಣವನ್ನು ಮೊದಲು ಸಾಕುತ್ತಿದ್ದಾರೋ ಎಂದು ನಗಾಡುತ್ತಾರೆ. ನಾನೂ ನಗುತ್ತೇನೆ. ಹಳೆಯ ಬೆಲ್ಟಿಗೆ ಗಿರಣಿಯ ಆಳು ತುಕ್ರಪ್ಪನೇ ಒಂದು ತೇಪೆ ಹಾಕಿದ, ಅದು ಸರಿಯಾಗಿಯೇ ತಿರುಗುತ್ತಾ ಉಂಟು. ಹಾಗಾಗಿ ಬೆಲ್ಟಿನ ಚಿಂತೆಯಲ್ಲಿ ನೀವು ನಿದ್ದೆಗೆಡುವುದು ಬೇಡ. ಕೇಳಿದ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎರಡನ್ನೂ ಪಾರ್ಸೆಲು ಮಾಡಿ ಇಟ್ಟಿದ್ದೇನೆ.

ಇನ್ನು ನೀವು ಬರೆದ ಕೊನೆಯ ಮಾತಿಗೆ ಬರುತ್ತೇನೆ. “ಮುಂಡಪ್ಪನದು ಅವನ ಪೂರ್ವಕರ್ಮ, ನಾವು ನೀವು ಏನು ಮಾಡಲಿಕ್ಕಾಗುತ್ತದೆ? ಹೈಕೋರ್ಟಿನವರು ಬುದ್ಧಿವಂತರು, ನೋಡಿಕೊಳ್ಳುತ್ತಾರೆ” ಎಂದು ಬರೆದಿದ್ದೀರಿ. ಕರ್ಮದ ವಿಷಯ ನಿಮಗೆ ಇಷ್ಟು ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಲ್ಲಿನ ಶಿಕ್ಷೆಯಾದವನು ಜೈಲಿನಲ್ಲಿ ಕುಳಿತು ಕರ್ಮ ಎಂದು ಹೇಳಿದರೆ ಅದೊಂದು ಸಮಾಧಾನ. ಅವನನ್ನು ಅಲ್ಲಿ ಕೂರಿಸಿದವರು ಮುಂಬಯಿಯಲ್ಲಿ ಹೊತ್ತು ಮುಳುಗುವ ಮೊದಲು ಉಂಡು, ಎಲೆ ಅಡಿಕೆ ಹಾಕಿ, ಕರ್ಮ ಎಂದರೆ ಅದಕ್ಕೇನು ಹೆಸರು? ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಅದು ಬರೀ ಬದನೆಕಾಯಿಯಾಗಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ನಿಮಗೆ ದಿನ ಮರೆತುಹೋಗುವ ಕಾಯಿಲೆ ಉಂಟು, ಅದನ್ನು ಮಂಗಳೂರಿನ ಸೆಶನ್ಸ್ ಕೋರ್ಟಿನಲ್ಲಿ ಎಲ್ಲರೂ ನೋಡಿದರು. ಆದ್ದರಿಂದ ಮೊದಲಿನಿಂದಲೇ ನೆನಪು ಮಾಡಿಕೊಡುತ್ತೇನೆ. ಕಳೆದ ಆಶ್ವೀಜದ ಜೀವದಯಾಷ್ಟಮಿ. ಜೀವವಿದ್ದ ಯಾವುದನ್ನೂ ನೋಯಿಸಬಾರದು ಎಂದು ಬಸದಿಯಲ್ಲಿ ಪೂಜೆ ಮಾಡಿಸುವ ದಿನ. ಬೆಳಿಗ್ಗೆ ಮೂಡಬಿದ್ರೆಯ ಬಸದಿಯಲ್ಲಿ ನಿಮ್ಮ ಸೋದರಮಾವ ಜಯವರ್ಮರ ಪಕ್ಕದಲ್ಲೇ ನೀವು ಶಲ್ಯ ಹೊದ್ದು ಕುಳಿತದ್ದನ್ನು ನಾನು ಹೆಂಗಸರ ಕಡೆಯಿಂದ ನೋಡಿದೆ. ಮುಂದೆ ಬಸದಿಯ ಮೊಕ್ತೇಸರಿಕೆ ನಿಮಗೇ ಎಂದು ಮಾವ ನಾಲ್ಕು ಜನರ ಎದುರು ಹೇಳಿದ್ದೂ ಅಲ್ಲಿಯೇ. ಅದೇ ದಿನ ಕತ್ತಲಾದ ಮೇಲೆ ಮುಂಡಪ್ಪ ಬಾಳೆಲೆ ಮುಚ್ಚಿದ ಒಂದು ಮಣ್ಣಿನ ಬಿಸಲೆ ಹಿಡಿದುಕೊಂಡು ನಮ್ಮ ಗಿರಣಿಯ ಕೋಣೆಗೆ ಬಂದ. ನಮ್ಮ ಗಿರಣಿಯ ಗಾಡಿ ಹೊಡೆಯುವವನು, ಚಿಕ್ಕಂದಿನಲ್ಲಿ ನಿಮ್ಮ ಜೊತೆ ಹೊಳೆಗೆ ಹಾರಿದವನು, ಅವನ ಮುಂದೆ ನಿಮಗೆ ಯಾವ ನಾಚಿಕೆಯೂ ಇರಲಿಲ್ಲ. ಬಿಸಲೆಯಲ್ಲಿ ಅವನ ಹೆಂಡತಿ ಕಾಂತಿ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ ಸಾರು. ವಾರಕ್ಕೊಮ್ಮೆಯ ಕ್ರಮ ಅದು. ಅವತ್ತೊಂದು ದಿನವಾದರೂ ಬಿಡುತ್ತೀರೆಂದು ನಾನು ಎಣಿಸಿದ್ದೆ. ನೀವು ಗಿರಣಿಯಿಂದ “ಕಮಲಾ, ಅನ್ನ” ಎಂದು ಕೂಗಿದಿರಿ. ಹಗಲಿನಲ್ಲೇ ಬೇಯಿಸಿಟ್ಟಿದ್ದ ಕುಚ್ಚಲು ಅನ್ನವನ್ನು ನಾನು ತಂದು ಹೊಸ್ತಿಲಿನಲ್ಲಿಟ್ಟೆ.

ಆ ರಾತ್ರಿ ನಿಮ್ಮ ಗಂಟಲಿಗೆ ಮುಳ್ಳು ಸಿಕ್ಕಿತು. ಅದನ್ನೂ ಮರೆತಿರಾ? ಕಣ್ಣು ಗುಡ್ಡೆ ಹೊರಗೆ ಬಂದು, ಮುಖ ಕೆಂಪೇರಿ, ಕೈ ಕಾಲು ಬಡಿಯುತ್ತಿದ್ದಿರಿ. ಮುಂಡಪ್ಪ ಹೊರಗೆ ಓಡಿ ಬಂದು “ಅಮ್ಮಾ, ಧಣಿಗಳಿಗೆ ಮುಳ್ಳು ಸಿಕ್ಕಿತು, ಒಂದು ಉಂಡೆ ಒಣ ಅನ್ನ ಕೊಡಿ, ಬೇಗ” ಎಂದ. ನಾನು ಉಂಡೆ ಮಾಡಿ ಕೊಟ್ಟೆ. ಅವನು ನಿಮ್ಮ ಬೆನ್ನಿಗೆ ಗುದ್ದಿ, ಉಂಡೆ ನುಂಗಿಸಿ, ಮುಳ್ಳು ಇಳಿದ ಮೇಲೂ ಬಹಳ ಹೊತ್ತು ಬೆನ್ನು ಸವರುತ್ತಾ ಕುಳಿತಿದ್ದ. ಮನೆಗೆ ಹೋಗುವಾಗ ನಡುರಾತ್ರಿಯೇ ಆಗಿತ್ತು, ಅಷ್ಟಮಿಯ ಚಂದ್ರ ಮುಳುಗುತ್ತಿದ್ದ. ಆ ಬಿಸಲೆಯನ್ನು, ನಿಮ್ಮ ಬಟ್ಟಲನ್ನು ಹಿತ್ತಿಲಿನಲ್ಲಿ ಬೂದಿ ಹುಣಿಸೆ ಹಾಕಿ ತಿಕ್ಕಿದವಳು ನಾನು. ಮಾರನೆ ದಿನ ಗಂಟಲು ನೋವೆಂದು ನೀವು ಗಂಜಿ ಮಾತ್ರ ಕುಡಿದಿರಿ, ಮಾವನಿಗೆ ಶೀತ ಎಂದು ಹೇಳಿ ಕಳಿಸಿದಿರಿ.

ಅದೇ ರಾತ್ರಿ, ನಿಮ್ಮ ಗಂಟಲಿನಲ್ಲಿ ಮುಳ್ಳು ಇದ್ದ ಅದೇ ಹೊತ್ತಿಗೆ, ಹದಿನೈದು ಮೈಲಿಯಾಚೆ ಬಂಟ್ವಾಳದ ಹೊಳೆದಡದಲ್ಲಿ ಕೋಳಿ ಅಂಕ ಆಡುವ ನೋಣಯ್ಯನನ್ನು ಯಾರೋ ಕತ್ತಿಯಲ್ಲಿ ಕಡಿದು ಹಾಕಿದರು. ಅದಕ್ಕೆ ಕೆಲವು ದಿನ ಮೊದಲು ಕೋಳಿ ಅಂಕದಲ್ಲಿ ಮುಂಡಪ್ಪನ ಹುಂಜಕ್ಕೂ ಅವನ ಹುಂಜಕ್ಕೂ ಜಗಳವಾಗಿ, ಮುಂಡಪ್ಪ ಜನರೆದುರು “ಇನ್ನೊಮ್ಮೆ ಕಣ್ಣಿಗೆ ಬಿದ್ದರೆ ನಿನ್ನ ಕುತ್ತಿಗೆ ಉಂಟಾ ನೋಡ್ತೇನೆ” ಎಂದದ್ದು ನಿಜ. ಅವನ ಬಾಯಿ ಅಂಥದ್ದೇ. ಕೋಳಿ ಅಂಕದಲ್ಲಿ ಆಡಿದ ಮಾತಿಗೆಲ್ಲ ಹೆಣ ಬೀಳುವುದಾದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಗಂಡಸರೇ ಇರುತ್ತಿರಲಿಲ್ಲ. ಪೊಲೀಸರಿಗೆ ಅಷ್ಟು ಸಾಕಾಯಿತು.

ಸಾಕ್ಷಿ ಒಬ್ಬ ಬೇಕಲ್ಲ, ಶೇಷಪ್ಪ ಸಿಕ್ಕಿದ. ನೋಣಯ್ಯನ ಕೋಳಿಗಳನ್ನು ಸಾಕುವ ಪಾಲುಗಾರ. ಅವನು ರಾತ್ರಿ ಹೊಳೆಗೆ ಕಾಲು ತೊಳೆಯಲು ಹೋಗಿದ್ದನಂತೆ. ಮನೆಯಲ್ಲಿ ಬಾವಿ ಉಂಟು, ಬಾವಿಗೆ ಕಟ್ಟೆ ಉಂಟು, ಇವನ ಕಾಲಿಗೆ ನೇತ್ರಾವತಿಯೇ ಆಗಬೇಕು. ಹೊಳೆಯ ಈಚೆ ದಡದಲ್ಲಿ ನಿಂತು, ಅರ್ಧ ಚಂದ್ರನ ಬೆಳಕಿನಲ್ಲಿ, ಆಶ್ವೀಜದ ತುಂಬುಹೊಳೆಯ ಆಚೆ ದಡದಲ್ಲಿದ್ದವನ ಹಣೆಯ ಗಾಯದ ಕಲೆ ನೋಡಿ ಮುಂಡಪ್ಪ ಎಂದು ಗುರುತು ಹಿಡಿದನಂತೆ. ಮೂರು ದಿನ ಯಾರಿಗೂ ಹೇಳಲಿಲ್ಲ. ಹೆದರಿಕೆಯಂತೆ. ಪೊಲೀಸರಿಗೆ ಮೊದಲು ಕೊಟ್ಟ ಹೇಳಿಕೆಯಲ್ಲಿ ಆ ಕಲೆಯ ಸುದ್ದಿಯೇ ಇಲ್ಲ, ಕೋರ್ಟಿಗೆ ಬರುವಾಗ ಕಲೆ ಬಂತು. ದೋಣಿ ನಡೆಸುವ ಮಮ್ಮು ಅಲ್ಲಿಯೇ ಇದ್ದವನು, ಆಚೆ ದಡದಲ್ಲಿ ಜನ ಇದ್ದದ್ದು ಕಂಡಿತು, ಯಾರೆಂದು ಕಾಣಲಿಲ್ಲ ಎಂದ. ಕಾಣಲಿಲ್ಲ ಎನ್ನುವವನು ಯಾರಿಗೆ ಬೇಕು? ಅವನನ್ನು ಸಾಕ್ಷಿಗೆ ಕರೆಯಲೇ ಇಲ್ಲ.

ಶೇಷಪ್ಪನನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ಅವನು ಓದಿಲ್ಲ, ಬರೆದಿಲ್ಲ, ಠಾಣೆಯ ಜಗಲಿಯಲ್ಲಿ ಎರಡು ದಿನ ಕೂರಿಸಿದರೆ ಅವನಂಥವನು ಚಂದ್ರನ ಮೇಲಿನ ಕಲೆಯನ್ನೂ ಮುಂಡಪ್ಪನ ಹಣೆಯದ್ದು ಎಂದಾನು. ಅವನು ನೋಡದ್ದನ್ನು ನೋಡಿದೆ ಎಂದ. ನೀವು ಉಂಡದ್ದನ್ನು ಉಣ್ಣಲಿಲ್ಲ ಎಂದಿರಿ. ಅವನಿಗಿದ್ದದ್ದು ಪೊಲೀಸರ ಲಾಠಿಯ ಭಯ, ನಿಮಗಿದ್ದದ್ದು ಮುಂದಿನ ಬೆಂಚಿನಲ್ಲಿ ಕುಳಿತ ಮಾವನ ಜರಿ ರುಮಾಲಿನ ಭಯ. ಇಬ್ಬರಲ್ಲಿ ಯಾರಿಗೆ ಹೆಚ್ಚು ನಾಚಿಕೆಯಾಗಬೇಕು ಎಂದು ನೀವೇ ಯೋಚಿಸಿ, ಮುಂಬಯಿಯಲ್ಲಿ ನಿಮಗೆ ಬೇರೆ ಕೆಲಸವೂ ಇಲ್ಲ.

ಕೋರ್ಟಿನಲ್ಲಿ ನಡೆದದ್ದನ್ನು ನೀವು ನನಗೆ ಹೇಳಲಿಲ್ಲ. ನನ್ನ ತಮ್ಮ ರವಿರಾಜ ನಾರಾವಿಯಿಂದ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಅವನು ಹೇಳಿದ. ಮೊದಲು ಕಾಂತಿ ಕಟಕಟೆ ಹತ್ತಿದಳಂತೆ. ಆ ರಾತ್ರಿ ಗಂಡ ಎಲ್ಲಿಗೆ ಹೋದ ಎಂದರೆ ಮಿಜಾರಿನ ಧಣಿಗಳಲ್ಲಿಗೆ, ನಾನು ಮೀನಿನ ಸಾರು ಮಾಡಿ ಕಳಿಸಿದ್ದೆ ಎಂದಳಂತೆ. ಸರಕಾರಿ ವಕೀಲರು “ಏನಮ್ಮ, ಜೈನರ ಮನೆಗೆ ಮೀನು ಸಾರಾ? ಅದೂ ಜೀವದಯಾಷ್ಟಮಿಯ ದಿನವಾ?” ಎಂದು ಕೇಳಿದಾಗ ಕೋರ್ಟೆಲ್ಲ ಗೊಳ್ಳೆಂದು ನಕ್ಕಿತಂತೆ. ಅವಳು ನಗುವವರನ್ನು ನೋಡುತ್ತಾ “ಧಣಿಗಳು ಬರ್ತಾರಲ್ಲ, ಅವರನ್ನೇ ಕೇಳಿ” ಎಂದು ಇಳಿದಳಂತೆ. ನಿಮ್ಮ ಮೇಲೆ ಅವಳಿಗಿದ್ದ ನಂಬಿಕೆ ನನಗೆ ನಿಮ್ಮ ಮೇಲೆ ಮದುವೆಯ ದಿನವೂ ಇರಲಿಲ್ಲ.

ಆಮೇಲೆ ನೀವು ಹತ್ತಿದಿರಿ. ನಮ್ಮ ಕಡೆಯ ವಕೀಲರು ಕೇಳಿದ್ದಕ್ಕೆ, ಆ ರಾತ್ರಿ ಮುಂಡಪ್ಪ ನನ್ನ ಗಿರಣಿಯಲ್ಲಿದ್ದ, ಇಬ್ಬರೂ ಕೂತು ಊಟ ಮಾಡಿದೆವು ಎಂದಿರಿ. ಅಲ್ಲಿಗೆ ಒಳ್ಳೆಯದಿತ್ತು. ಸರಕಾರಿ ವಕೀಲರೂ ಈ ಸೀಮೆಯವರೇ, ಎಲ್ಲಿ ಒತ್ತಬೇಕೆಂದು ಅವರಿಗೆ ಗೊತ್ತು. “ತಾವು ಜೈನರಲ್ಲವೇ? ಸೂರ್ಯಾಸ್ತದ ಮೇಲೆ ಊಟ ಮಾಡುವ ಪದ್ಧತಿ ಉಂಟೋ?” ಎಂದು ಬಹಳ ಮರ್ಯಾದೆಯಿಂದ ಕೇಳಿದರಂತೆ. ಹೌದು, ನಾನು ಉಣ್ಣುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅದಕ್ಕೆ ಹೌದು ಎಂದರೆ ಮುಂದಿನ ಪ್ರಶ್ನೆ ಏನು ಉಂಡಿರಿ ಎಂದೇ ಬರುತ್ತದೆಂದು ನಿಮಗೆ ಗೊತ್ತು. ನೀವು ಮಾವನ ಕಡೆ ನೋಡಿದಿರಿ. “ನಮ್ಮ ಮನೆತನದಲ್ಲಿ ಆ ಪದ್ಧತಿ ಇಲ್ಲ” ಎಂದಿರಿ. ಹಾಗಾದರೆ ಆ ರಾತ್ರಿ? “ಅವನು ಉಂಡ, ನಾನು ಸುಮ್ಮನೆ ಕೂತಿದ್ದೆ.” ಮೊದಲು ಇಬ್ಬರೂ ಎಂದಿರಲ್ಲ? “ತಪ್ಪಿ ಹೇಳಿದೆ.” ಜೀವದಯಾಷ್ಟಮಿಯ ರಾತ್ರಿ ನಿಮ್ಮ ಗಿರಣಿಯಲ್ಲಿ ಮೀನು ತಿನ್ನಲು ಬಿಟ್ಟಿರಾ? ಆಗ ನೀವು ಹೇಳಿದ ಮಾತನ್ನು ನಾನು ಬಾಯಿಪಾಠ ಮಾಡಿದ್ದೇನೆ. “ಹಾಗಾದರೆ ಅದು ಬೇರೆ ದಿನ ಇರಬಹುದು.” ಅಷ್ಟೇ. ಮುಂಡಪ್ಪನ ಕುತ್ತಿಗೆಗೆ ಹಗ್ಗ ಬಿದ್ದದ್ದು ಶೇಷಪ್ಪನ ಮಾತಿನಿಂದ ಅಲ್ಲ, ಈ ಮಾತಿನಿಂದ. ಕೆಳಗಿಳಿದು ಬರುವಾಗ ಮಾವ ನಿಮ್ಮ ಬೆನ್ನು ತಟ್ಟಿದರಂತೆ.

ತೀರ್ಪನ್ನು ನೀವು ಓದಿಲ್ಲ, ಓದುವ ಮೊದಲೇ ಬೆಲ್ಟು ತರಲು ಹೋದಿರಿ. ವಕೀಲರು ನನಗೆ ಓದಿ ಹೇಳಿದರು. ಕಾಂತಿ ಗಂಡನನ್ನು ಉಳಿಸಿಕೊಳ್ಳಲು ನಾಚಿಕೆಯಿಲ್ಲದೆ ಒಂದು ಕುಲೀನ ಮನೆತನದ ಮೇಲೆ ಸುಳ್ಳು ಹೊರಿಸಿದಳು ಎಂದು ಬರೆದಿದ್ದಾರೆ. ನೀವು ಮಾತ್ರ ಸಜ್ಜನರು, ಕೆಲಸದವನ ಮೇಲಿನ ಕನಿಕರದಿಂದ ಸುಳ್ಳು ಹೇಳಲು ಬಂದಿರಿ, ಆದರೆ ನಿಮ್ಮ ಧರ್ಮಶ್ರದ್ಧೆ ನಿಮ್ಮಿಂದ ಸತ್ಯ ಹೊರಡಿಸಿತು ಎಂದು ಹೊಗಳಿದ್ದಾರೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀವು ಹೇಳಿದ ಒಂದೇ ಒಂದು ಸತ್ಯವನ್ನು ಸುಳ್ಳೆಂದರು, ಹೇಳಿದ ಸುಳ್ಳಿಗೆ ಶಾಲು ಹೊದಿಸಿದರು. ಆ ತೀರ್ಪನ್ನು ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದರೆ ಮೊಕ್ತೇಸರಿಕೆಗೆ ಒಳ್ಳೆಯ ಶೋಭೆ.

ಇನ್ನೊಂದು ವಿಷಯ ಹೇಳುತ್ತೇನೆ, ನಿಮಗೆ ಅದು ಬಹಳ ರುಚಿಸಲಾರದು. ತೀರ್ಪಾದ ಮೇಲೆ ಜಯವರ್ಮ ಮಾವ ಇಲ್ಲಿಗೆ ಬಂದಿದ್ದರು. ನಾನು ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ, ಮೀನು ಕೂಡ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡರೆ, ಮಜ್ಜಿಗೆ ಲೋಟ ಕೆಳಗಿಟ್ಟು “ಅದು ನನಗೆ ಗೊತ್ತಿಲ್ಲವಾ ಕಮಲಾವತಿ? ಅವನ ಶಲ್ಯದಿಂದಲೇ ವಾಸನೆ ಬರ್ತದೆ. ಗೊತ್ತಿರುವುದು ಬೇರೆ, ಕೋರ್ಟಿನಲ್ಲಿ ಹೇಳುವುದು ಬೇರೆ” ಎಂದರು. ಕೇಳಿದಿರಾ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಊರೆಲ್ಲ ನೋಡುತ್ತಲೇ ಇತ್ತು. ಯಾರಿಗೆ ಗೊತ್ತಾಗಬಾರದೆಂದು ನೀವು ಒಂದು ಜೀವವನ್ನು ಒತ್ತೆ ಇಟ್ಟಿರೋ ಅವರಿಗೆ ಅದು ಮೊದಲೇ ಗೊತ್ತಿತ್ತು. ನಾನೂ ರಾತ್ರಿ ಉಣ್ಣದವಳು, ನೀರನ್ನು ಸೋಸಿಯೇ ಕುಡಿಯುವವಳು. ಈ ವ್ರತಗಳ ಮೇಲೆ ನನಗೆ ನಿಜವಾದ ಪ್ರೀತಿ ಉಂಟು. ಅದಕ್ಕೇ ಹೊಟ್ಟೆ ಉರಿಯುತ್ತದೆ. ಹುಳ ಸಾಯಬಾರದೆಂದು ದೀಪ ಹಚ್ಚಿ ಉಣ್ಣದವರು ನಾವು, ಮನುಷ್ಯ ಸತ್ತರೆ ಅಡ್ಡಿಯಿಲ್ಲ ಎಂದು ಯಾವ ಶಾಸ್ತ್ರದಲ್ಲಿ ಉಂಟು?

ಈಗ ಹೈಕೋರ್ಟಿನ ವಿಷಯ. ಮುಂದಿನ ತಿಂಗಳ ಮೊದಲ ವಾರ ಬೆಂಗಳೂರಿನಲ್ಲಿ ಅಪೀಲು ವಿಚಾರಣೆಗೆ ಬರುತ್ತದೆ. ಅಲ್ಲಿಯ ವಕೀಲರು ಒಳ್ಳೆಯವರಂತೆ ಕಾಣುತ್ತಾರೆ, ಆದರೆ ಆಸೆ ಹುಟ್ಟಿಸುವ ಮಾತಾಡುವುದಿಲ್ಲ. ಶೇಷಪ್ಪನ ಸಾಕ್ಷಿಯಲ್ಲಿ ತೂತುಗಳು ಬೇಕಾದಷ್ಟು ಉಂಟು, ಆದರೂ ಕೆಳಗಿನ ಕೋರ್ಟು ಅವನನ್ನು ಕಣ್ಣಾರೆ ನೋಡಿ ನಂಬಿದೆ, ಅದನ್ನು ತಿರುಗಿಸುವುದು ಸುಲಭವಲ್ಲ ಎನ್ನುತ್ತಾರೆ. ಆರೋಪಿ ನಾನು ಬೇರೆ ಕಡೆ ಇದ್ದೆ ಎಂದು ಹೇಳಿ ಅದು ನಿಲ್ಲದೆ ಹೋದರೆ ಅಷ್ಟಕ್ಕೇ ಅವನು ಕೊಲೆಗಾರನಾಗುವುದಿಲ್ಲವಂತೆ, ಕೊಲೆಯನ್ನು ರುಜುಮಾಡುವ ಭಾರ ಸರಕಾರದ್ದೇ ಅಂತೆ. ನಿಮ್ಮಂಥ ಸಾಕ್ಷಿ ಒಂದು ಕಡೆ ಸುಳ್ಳಾಡಿದರೆ ಅವನ ಮಾತೆಲ್ಲವೂ ಸುಳ್ಳೆಂದು ಎಸೆಯಬಾರದಂತೆ. ಕಾನೂನು ಹಾಗೆ. ಮನುಷ್ಯರ ಮನಸ್ಸು ಹಾಗಲ್ಲ, ನಿರಪರಾಧಿಯಾದರೆ ಸುಳ್ಳು ನೆಪ ಯಾಕೆ ತಂದ ಎಂಬ ಮುಳ್ಳು ನ್ಯಾಯಾಧೀಶರ ಮನಸ್ಸಿನಲ್ಲಿ ಇದ್ದೇ ಇರುತ್ತದಂತೆ. ಅದನ್ನು ತೆಗೆಯಬೇಕಾದರೆ ಆ ರಾತ್ರಿ ಅಲ್ಲಿದ್ದವರು ಯಾರಾದರೂ ನಡೆದದ್ದನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಅದನ್ನು ಇಟ್ಟು ಹೊಸ ಸಾಕ್ಷಿ ಕೇಳಿ ಎಂದು ಹೈಕೋರ್ಟಿಗೆ ಅರ್ಜಿ ಹಾಕಬಹುದು. ಅವರು ನಿಮಗೆ ಎರಡು ಸಲ ಬರೆದರು. ನೀವು ಉತ್ತರ ಕೊಡಲಿಲ್ಲ. ನನಗೆ ಮಾತ್ರ ಹಪ್ಪಳ ಕೇಳಿ ಬರೆದಿರಿ.

ಮೊನ್ನೆ ಕಾಂತಿ ಬಂದಿದ್ದಳು. ಈಗ ಲಾಯಿಲದಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ಜೈಲಿಗೆ ಹೋಗಿ ಗಂಡನನ್ನು ನೋಡಿಕೊಂಡು ನೇರ ಇಲ್ಲಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗಿರಣಿಯ ಮೆಟ್ಟಿಲಿನಲ್ಲಿ ಕುಳಿತು “ಧಣಿಗಳು ಯಾವಾಗ ಬರ್ತಾರೆ ಅಮ್ಮಾ? ಇವರು ಕೇಳಿದ್ರು. ಧಣಿಗಳಿಗೆ ಅವತ್ತು ಗಾಬರಿ ಆಯ್ತು, ಈಗ ಬಂದು ಹೇಳ್ತಾರೆ ಅಂತ ಇವರು ಹೇಳ್ತಾರೆ” ಎಂದಳು. ಅವನು ಅಲ್ಲಿ ಕುಳಿತು ನಿಮಗೆ ಗಾಬರಿಯಾಯಿತೆಂದು ಮರುಗುತ್ತಿದ್ದಾನೆ! ನಿಮ್ಮಂಥವರಿಗೆ ಅಂಥ ಸ್ನೇಹಿತ ಹೇಗೆ ಸಿಕ್ಕಿದ ಎಂದು ನನಗೆ ಆಶ್ಚರ್ಯ. ಬೆಲ್ಟಿನ ಕತೆಯನ್ನು ಊರಿಗೆಲ್ಲ ಹೇಳಿದ ನನಗೆ, ಅವಳೆದುರು ಅದನ್ನು ಹೇಳಲು ನಾಲಗೆ ಏಳಲಿಲ್ಲ. ಬರುವುದಿಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿ, ಸೆರಗು ಕೊಡವಿ, ಎದ್ದು ಹೋದಳು.

ನಿಮ್ಮನ್ನು ಬನ್ನಿ ಎಂದು ನಾನು ಕರೆಯುವುದಿಲ್ಲ. ಕರೆದರೆ ಬರುವವರು ಓಡಿಹೋಗುವುದಿಲ್ಲ. ಮೈಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಅಲ್ಲಿಯ ಬಸದಿಗೆ ತಪ್ಪದೆ ಹೋಗಿ. ನಿಮ್ಮನ್ನು ಇರಿಸಿಕೊಂಡ ಮನೆಯ ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮೂಡಬಿದ್ರೆಯಿಂದ ಮಾವ ನಿಮ್ಮನ್ನು ಕೇಳಿದ್ದಾರೆ, ಮೊಕ್ತೇಸರಿಕೆಯ ಶಲ್ಯ ಇನ್ನೂ ಅವರ ಪೆಟ್ಟಿಗೆಯಲ್ಲಿಯೇ ಉಂಟಂತೆ.

ಇಂತು, ನಿಮಗೆ ಅನ್ನ ಬೇಯಿಸುತ್ತಿದ್ದ
ಕಮಲಾವತಿ

ಅವಸರದಲ್ಲಿ: ಮುಖ್ಯ ವಿಷಯ ಬರೆಯಲೇ ಇಲ್ಲ. ರವಿರಾಜ ಬಸ್ಸಿಗೆ ಹೊತ್ತಾಯಿತು ಎಂದು ಅಂಗಳದಲ್ಲಿ ನಿಂತು ಕೂಗುತ್ತಿದ್ದಾನೆ. ನಾವಿಬ್ಬರೂ ಬೆಂಗಳೂರಿಗೆ ಹೊರಟಿದ್ದೇವೆ. ನಿನ್ನೆ ಮಂಗಳೂರಿಗೆ ಹೋಗಿ ಪ್ರಮಾಣ ಮಾಡಿ ಬರೆದುಕೊಟ್ಟು ಬಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೋರ್ಟಿನವರು ಕೇಳುತ್ತಾರೆ ಎಂದು ವಕೀಲರು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ, ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ಮಾವ ಅಪ್ಪಣೆ ಮಾಡಿದ್ದರು ಎಂದೆ. ಅದನ್ನೂ ಬರೆದುಕೊಂಡರು. ನಾನು ಹೇಳುವುದು ಸುಳ್ಳೆನ್ನಲು ನೀವೊಬ್ಬರೇ ಸಾಕ್ಷಿ, ಬೇಕಾದರೆ ಬಂದು ಹೇಳಿ. ಗಂಡನ ಹೆಸರೇನು ಎಂದರು. ಮದುವೆಯಾದಂದಿನಿಂದ ಬಾಯಲ್ಲಿ ತಾರದ ಹೆಸರು. ಬರೆದು ಕೊಡಿ ಸಾಕು ಅಮ್ಮಾ ಎಂದು ಗುಮಾಸ್ತರು ಕಾಗದ ಮುಂದೆ ಚಾಚಿದರು. ಬೇಡ ಎಂದೆ, ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿದೆ. ಬರೆದುಕೊಂಡದ್ದು ಹೀಗೆ: “ನನ್ನ ಗಂಡ ಅಭಯಚಂದ್ರನು ಜೀವದಯಾಷ್ಟಮಿಯ ರಾತ್ರಿ ಮುಂಡಪ್ಪನ ಜೊತೆ ಕೂತು ಮೀನು ಸಾರಿನಲ್ಲಿ ಊಟ ಮಾಡಿದ್ದಾನೆ. ಅನ್ನ ತಂದುಕೊಟ್ಟವಳು ನಾನು.”